ಭುಜ ಹಿಡಿದುಕೊಂಡು ಐದು ತಿಂಗಳು: ಫಿಸಿಯೋಥೆರಪಿ ಮುಂದುವರಿಸಲೇ, ಮನೆಯ ವ್ಯಾಯಾಮವೇ ಸಾಕೇ?

ಚಪ್ಪರದಡಿ, ಚಿಕ್ಕಬಳ್ಳಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಂದಿ ಬೆಟ್ಟದ ತಪ್ಪಲಿನ ಹಳ್ಳಿ, ಒಂದೂವರೆ ಎಕರೆ ದ್ರಾಕ್ಷಿ ತೋಟ. ನನಗೆ 49 ವರ್ಷ, ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ದ್ರಾಕ್ಷಿಯ ಕೆಲಸವೆಲ್ಲ ತಲೆಯ ಮೇಲಿನದು. ಬಳ್ಳಿ ಸವರುವುದು, ಚಿಗುರನ್ನು ತಂತಿಗೆ ಕಟ್ಟುವುದು, ಗೊಂಚಲು ಕೊಯ್ಯುವುದು, ಯಾವುದೇ ಆಗಲಿ ಕೈ ಮೇಲೆತ್ತಿಯೇ ನಿಲ್ಲಬೇಕು. ಮದುವೆಯಾಗಿ ಬಂದಾಗಿನಿಂದ ಹಾಗೆಯೇ ದುಡಿದಿದ್ದೇನೆ. ಭುಜವೊಂದು ಇದೆ ಎಂಬುದೇ ನೆನಪಾಗುತ್ತಿರಲಿಲ್ಲ.

ಐದು ತಿಂಗಳ ಹಿಂದೆ ಬಲ ರಟ್ಟೆಯ ಮೇಲ್ಭಾಗದಲ್ಲಿ ಚಳುಕು ಶುರುವಾಯಿತು. ಕೆಲಸದ ಆಯಾಸವೆಂದು ಎಣ್ಣೆ ಹಚ್ಚಿ ಸುಮ್ಮನಾದೆ. ಎರಡನೇ ತಿಂಗಳಿಗೆ ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ನೋವಿನ ಜೊತೆಗೆ ಬಿಗಿತ. ತುರುಬು ಕಟ್ಟಲು ಆಗುವುದಿಲ್ಲ, ಮಗಳು ಕಾಲೇಜಿಗೆ ಹೊರಡುವ ಮೊದಲು ನನ್ನ ತಲೆ ಬಾಚಿ ಹೋಗುತ್ತಾಳೆ. ರವಿಕೆ ಹಾಕಿಕೊಳ್ಳುವಾಗ ಮೊದಲು ನೋವಿನ ಕೈಯನ್ನು ತೋಳಿನೊಳಗೆ ತೂರಿಸಿ, ಆಮೇಲೆ ಒಳ್ಳೆಯ ಕೈ. ತಪ್ಪಿ ಹಿಂದುಮುಂದಾದರೆ ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ಯಾರನ್ನಾದರೂ ಕೂಗಬೇಕು.

ಯಾರೋ ಹೇಳಿದರೆಂದು ಒಬ್ಬರ ಬಳಿ ಕೈ ಎಳೆಸಿಕೊಂಡೆ. ಅವರು ಒಮ್ಮೆಗೇ ಜಗ್ಗಿ ಮೇಲಕ್ಕೆತ್ತಿದರು. ಮೂರು ರಾತ್ರಿ ಕುಳಿತೇ ಕಳೆದೆ. ಆಮೇಲೆ ಆಸ್ಪತ್ರೆಗೆ ಹೋದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು, ಮಾತ್ರೆ ಕೊಟ್ಟು ಫಿಸಿಯೋಥೆರಪಿಗೆ ಬರೆದರು. ನಾಲ್ಕು ಬಾರಿ ಹೋಗಿ ಬಂದೆ. ಅವರು ಕೈಯನ್ನು ಹಿಡಿದು ಮೆಲ್ಲಗೆ ಆಡಿಸುತ್ತಾರೆ, ಆ ಹೊತ್ತಿಗೆ ಹಿತವಾಗುತ್ತದೆ. ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಮತ್ತೆ ಅದೇ ಬಿಗಿತ. ಒಂದು ಸಲಕ್ಕೆ 300 ರೂಪಾಯಿ, ಬಸ್ ಖರ್ಚು, ಅರ್ಧ ದಿನದ ಕೆಲಸ. ಇದು ಮುಂದುವರಿಸುವಂಥದ್ದೇ? ಭುಜಕ್ಕೆ ಚುಚ್ಚುಮದ್ದು ಕೊಡುತ್ತಾರೆ ಎಂದೂ ಹೇಳಿದರು, ಸಕ್ಕರೆ ಇರುವುದರಿಂದ ಹೆದರಿ ಬೇಡವೆಂದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹುಳು ಮನೆ, ಶಿಡ್ಲಘಟ್ಟ

ಅಕ್ಕ, ನಿಲ್ಲಿಸಬೇಡಿ. ನನಗೂ ಬಲ ಭುಜವೇ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊತ್ತು, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ ಎತ್ತಿ ಇಳಿಸಿ ಈ ಸ್ಥಿತಿ ಬಂದಿತ್ತು. ಸ್ಕ್ಯಾನ್ ಮಾಡಿಸಿದಾಗ ಒಳಗೆ ಸ್ನಾಯುರಜ್ಜು ಸ್ವಲ್ಪ ಹರಿದಿದೆ ಎಂದು ಬರೆದಿದ್ದರು. ಆ ಕಾಗದ ಓದಿದ ದಿನ ಊಟ ಸೇರಲಿಲ್ಲ, ಇನ್ನು ಶಸ್ತ್ರಚಿಕಿತ್ಸೆಯೇ ಗತಿ ಎಂದುಕೊಂಡೆ. ಮೂಳೆ ವೈದ್ಯರು ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿ ಎಂದರು. ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ದಿನಾ ಎಳೆದೆ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಟ್ಟದ ಮೇಲಿನ ತಟ್ಟೆಯನ್ನು ತೆಗೆದುಕೊಂಡ ಮೇಲೆ ನೆನಪಾಯಿತು, ನೋವೇ ಇರಲಿಲ್ಲ ಎಂದು. ನೀವೂ ಒಂದು ಪಟ್ಟಿ ತಂದು ಶುರು ಮಾಡಿ.

ಕೀಲು ಸ್ನಾಯು, ಗೌರಿಬಿದನೂರು

ನಾನು ಫಿಸಿಯೋಥೆರಪಿಸ್ಟ್. ಶಿಡ್ಲಘಟ್ಟದ ಅಣ್ಣ ಹೇಳಿದ್ದು ಅವರ ಭುಜಕ್ಕೆ ಸರಿ. ಆದರೆ ಅಕ್ಕ, ನೀವು ಪಟ್ಟಿ ಎಳೆಯುವ ಮೊದಲು ಒಂದು ವಿಷಯ ತಿಳಿಯಬೇಕು. ಭುಜ ನೋವು ಎಂಬುದು ಒಂದೇ ಕಾಯಿಲೆಯಲ್ಲ.

ಸೊಂಟದ ಕೀಲು ಒರಳಿನಲ್ಲಿ ಗುಂಡು ಕುಳಿತ ಹಾಗೆ ಭದ್ರವಾಗಿರುತ್ತದೆ. ಭುಜದ ಕೀಲು ಚಿಕ್ಕ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ನಿಂಬೆಹಣ್ಣು ಉರುಳಿ ಹೋಗದಂತೆ ನಾಲ್ಕು ಸ್ನಾಯುಗಳು ಸುತ್ತಲಿಂದ ಹಿಡಿದಿರುತ್ತವೆ, ಅವುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತೇವೆ. ಹುಳು ಮನೆಯವರ ತೊಂದರೆ ಇದ್ದದ್ದು ಅಲ್ಲಿ. ಆ ಸ್ನಾಯುಗಳಿಗೆ ಬೇಕಾದದ್ದು ಬಲ, ಆದ್ದರಿಂದ ಪಟ್ಟಿ ಕೆಲಸ ಮಾಡಿತು.

ಇನ್ನೊಂದು ಬಗೆಯಿದೆ. ಕೀಲಿನ ಸುತ್ತ ಒಂದು ತೆಳುವಾದ ಚೀಲವಿದೆ. ಕಂಕುಳ ಕಡೆ ಅದು ನೆರಿಗೆ ಹಿಡಿದ ಲಂಗದ ಹಾಗೆ ಸಡಿಲವಾಗಿರುತ್ತದೆ. ಕೈ ಮೇಲೆತ್ತಿದಾಗ ಆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಆ ಚೀಲವೇ ಊದಿ, ದಪ್ಪವಾಗಿ, ಕುಗ್ಗಿಬಿಡುತ್ತದೆ. ಅದೇ ಫ್ರೋಜನ್ ಶೋಲ್ಡರ್. 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚಾಗಿ ಬರುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕುಳಿತು ಎರಡೂ ಮೊಣಕೈಗಳನ್ನು ಸೊಂಟದ ಪಕ್ಕೆಗೆ ಒತ್ತಿಕೊಳ್ಳಿ. ಮುಂಗೈ ನೇರವಾಗಿ ಮುಂದಕ್ಕಿರಲಿ. ಈಗ ಮೊಣಕೈ ಕದಲಿಸದೆ ಎರಡು ಬಾಗಿಲು ತೆರೆದ ಹಾಗೆ ಮುಂಗೈಗಳನ್ನು ಹೊರಕ್ಕೆ ತೆರೆಯಿರಿ. ಆಮೇಲೆ ಕೈ ಸಡಿಲ ಬಿಟ್ಟು, ಬೇರೊಬ್ಬರು ನೋವಿನ ಕೈಯನ್ನು ಮೆಲ್ಲಗೆ ಹೊರಕ್ಕೆ ತೆರೆಯಲಿ. ಎಷ್ಟು ಬರುತ್ತದೆ ಎಂದು ತಿಳಿಸಿ.

ಚಪ್ಪರದಡಿ, ಚಿಕ್ಕಬಳ್ಳಾಪುರ ತಾಲ್ಲೂಕು

ಮೇಡಂ, ನೆನ್ನೆ ರಾತ್ರಿ ಊಟವಾದ ಮೇಲೆ ನಮ್ಮ ಯಜಮಾನರನ್ನು ಕೂರಿಸಿಕೊಂಡು ಮಾಡಿದೆ. ಎಡಗೈ ಬಾಗಿಲಿನ ಹಾಗೆ ಪೂರ್ತಿ ತೆರೆದುಕೊಂಡಿತು. ಬಲಗೈ ಒಂದು ಗೇಣೂ ಸರಿಯಲಿಲ್ಲ. ನಾನು ಹೆದರಿ ಬಿಗಿ ಹಿಡಿದಿದ್ದೇನೆ ಎಂದು ಅವರಿಗೆ ಅನಿಸಿತು. ಕೈ ಪೂರ್ತಿ ಸಡಿಲ ಬಿಟ್ಟೆ, ಅವರು ಮೆಲ್ಲಗೆ ತಳ್ಳಿದರು. ಅಗುಳಿ ಹಾಕಿದ ಕದದ ಹಾಗೆ ಅಲ್ಲಿಗೇ ನಿಂತಿತು.

ಕೀಲು ಸ್ನಾಯು, ಗೌರಿಬಿದನೂರು

ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಅಕ್ಕ. ನಾನು ಕೈ ಮುಟ್ಟಿ ನೋಡಿಲ್ಲವಾದ್ದರಿಂದ ಕೊನೆಯ ಮಾತು ನಿಮ್ಮ ವೈದ್ಯರದ್ದು. ಆದರೆ ಎಕ್ಸ್‌ರೇ ಸರಿಯಾಗಿದ್ದು, ಬೇರೆಯವರು ತಿರುಗಿಸಿದರೂ ಕೈ ಹೊರಕ್ಕೆ ತೆರೆಯುವುದಿಲ್ಲ ಎಂದರೆ ಅದು ಫ್ರೋಜನ್ ಶೋಲ್ಡರ್‌ನ ಮುಖ್ಯ ಲಕ್ಷಣ. ಸ್ನಾಯುವಿನ ತೊಂದರೆಯಾಗಿದ್ದರೆ ತಾನಾಗಿ ಎತ್ತಲು ಕಷ್ಟವಾದರೂ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಬರುತ್ತದೆ.

ಈ ಹೆಸರನ್ನು 1934ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಕಾಡ್‌ಮನ್ ಕೊಟ್ಟರು. ಇದಕ್ಕೆ ಮೂರು ಘಟ್ಟಗಳಿವೆ. ಮೊದಲು ನೋವಿನದು, ರಾತ್ರಿ ನಿದ್ದೆ ಕೆಡಿಸುತ್ತದೆ. ಆಮೇಲೆ ಬಿಗಿತದ್ದು, ನೋವು ಇಳಿಯುತ್ತ ಕೈ ಕಟ್ಟಿಹಾಕಿದಂತಾಗುತ್ತದೆ. ಕೊನೆಗೆ ಮೆಲ್ಲಗೆ ಸಡಿಲವಾಗುವ ಘಟ್ಟ. ಎಲ್ಲ ಸೇರಿ ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ನೀವು ಮೊದಲನೆಯದರಿಂದ ಎರಡನೆಯದಕ್ಕೆ ದಾಟುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ.

ಈಗ ನಿಮ್ಮ ಪ್ರಶ್ನೆ. ನಮ್ಮ ಕೈಯಿಂದ ಮಾಡುವ ಚಿಕಿತ್ಸೆಯಲ್ಲಿ ಆಸ್ಟ್ರೇಲಿಯಾದ ಮೇಟ್‌ಲ್ಯಾಂಡ್ ಎಂಬವರು ಹಾಕಿಕೊಟ್ಟ ನಾಲ್ಕು ಮೆಟ್ಟಿಲುಗಳಿವೆ. ಮೊದಲ ಎರಡರಲ್ಲಿ ಬಿಗಿತದ ಅಂಚನ್ನು ಮುಟ್ಟದೆ ಕೀಲನ್ನು ತೂಗುತ್ತೇವೆ, ನೋವು ತಣಿಯಲಿ ಎಂದು. ಕೊನೆಯ ಎರಡರಲ್ಲಿ ಬಿಗಿತದ ಅಂಚಿಗೆ ಹೋಗಿ ಮೆಲ್ಲಗೆ ಹಿಗ್ಗಿಸುತ್ತೇವೆ. ಮನೆ ಸೇರುವಷ್ಟರಲ್ಲಿ ಬಿಗಿತ ಮರಳುವುದು ಚಿಕಿತ್ಸೆಯ ತಪ್ಪಲ್ಲ. ತಿಂಗಳುಗಟ್ಟಲೆ ಕುಗ್ಗಿದ ಚೀಲ ಇಪ್ಪತ್ತು ನಿಮಿಷಕ್ಕೆ ಹಿಗ್ಗಿ ಹಾಗೆಯೇ ನಿಲ್ಲುವುದಿಲ್ಲ. ನಮ್ಮ ಕೈ ತೆರೆದುಕೊಟ್ಟ ಆ ಸ್ವಲ್ಪ ಜಾಗವನ್ನು ನೀವು ದಿನಕ್ಕೆ ಮೂರು ನಾಲ್ಕು ಸಲ ಬಳಸಿದರೆ ಮಾತ್ರ ಅದು ನಿಮ್ಮದಾಗಿ ಉಳಿಯುತ್ತದೆ. ಮನೆಯ ವ್ಯಾಯಾಮ ಇಲ್ಲದೆ ವಾರಕ್ಕೆ ಮೂರು ಸಲ ನಮ್ಮ ಬಳಿ ಬಂದರೂ ಹಣ ವ್ಯರ್ಥ. ಇದನ್ನು ನನ್ನ ವೃತ್ತಿಯವರೇ ಗಟ್ಟಿಯಾಗಿ ಹೇಳಬೇಕು, ಹಲವರು ಹೇಳುವುದಿಲ್ಲ ಎಂಬ ನೋವು ನನಗಿದೆ.

ಚುಚ್ಚುಮದ್ದಿನ ಬಗ್ಗೆಯೂ ಮುಚ್ಚುಮರೆ ಮಾಡುವುದಿಲ್ಲ. ಫ್ರೋಜನ್ ಶೋಲ್ಡರ್‌ಗೆ ಕೈಚಿಕಿತ್ಸೆ ಮತ್ತು ವ್ಯಾಯಾಮ ಎಷ್ಟು ಪ್ರಯೋಜನ ಎಂದು ಚಿಕಿತ್ಸೆಗಳ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ 32 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಏಳನೇ ವಾರದಲ್ಲಿ ಕೀಲಿನೊಳಗೆ ಊತ ಇಳಿಸುವ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 77 ಮಂದಿಗೆ ಚಿಕಿತ್ಸೆ ಫಲ ಕೊಟ್ಟಿತ್ತು. ಕೈಚಿಕಿತ್ಸೆ ಮತ್ತು ವ್ಯಾಯಾಮ ಮಾತ್ರ ಪಡೆದವರಲ್ಲಿ 46. ಆರು ತಿಂಗಳು, ಒಂದು ವರ್ಷ ಕಳೆದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರು. ಅಂದರೆ ನಿದ್ದೆಯಿಲ್ಲದ ಈ ತಿಂಗಳುಗಳನ್ನು ದಾಟಲು ಚುಚ್ಚುಮದ್ದು ದೊಡ್ಡ ಆಸರೆ. ಸಕ್ಕರೆ ಕೆಲವು ದಿನ, ಕೆಲವೊಮ್ಮೆ ಒಂದು ವಾರದವರೆಗೆ ಏರುತ್ತದೆ. ಆ ದಿನಗಳಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳುತ್ತಿರಬೇಕು. ನಿಮ್ಮ ಸಕ್ಕರೆಯ ವೈದ್ಯರನ್ನು ಮೊದಲೇ ಕೇಳಿ ನಿರ್ಧರಿಸಿ.

ನಿವೃತ್ತ ಮೇಷ್ಟರು, ಚಿಂತಾಮಣಿ

ತಾಯಿ, ನನ್ನದೊಂದು ಭಿನ್ನಾಭಿಪ್ರಾಯವಿದೆ. ನನಗೆ 53ರಲ್ಲಿ ಎಡಭುಜ ಹೀಗೆಯೇ ಹಿಡಿಯಿತು. ಶಾಲೆ ಬಿಟ್ಟು ಓಡಾಡಲು ಪುರುಸೊತ್ತಿರಲಿಲ್ಲ. ಯಾವ ಚಿಕಿತ್ಸೆಯನ್ನೂ ತೆಗೆದುಕೊಳ್ಳಲಿಲ್ಲ. ನೋವಾಗದಷ್ಟು ಕೈ ಆಡಿಸಿಕೊಂಡು, ಎಂದಿನ ಕೆಲಸ ಮಾಡಿಕೊಂಡು ಇದ್ದೆ. ಎರಡು ವರ್ಷಕ್ಕೆ ತಾನಾಗಿ ಬಿಟ್ಟಿತು. ಬೆನ್ನಿನ ಮೇಲ್ಭಾಗಕ್ಕೆ ಆ ಕೈ ಇಂದಿಗೂ ಎಟುಕುವುದಿಲ್ಲ ಎಂಬುದು ನಿಜ, ಆದರೆ ಅದರಿಂದ ನನ್ನ ಬದುಕೇನೂ ನಿಂತಿಲ್ಲ. ಒಂದೂವರೆ ಎಕರೆ ತೋಟ ನಂಬಿದವರಿಗೆ ವಾರಕ್ಕೆ ಮೂರು ದಿನ ಪೇಟೆಗೆ ಬನ್ನಿ ಎನ್ನುವುದು ನ್ಯಾಯವೇ?

ಕೀಲು ಸ್ನಾಯು, ಗೌರಿಬಿದನೂರು

ಮೇಷ್ಟರೇ, ನಿಮ್ಮ ಮಾತನ್ನು ತಳ್ಳಿಹಾಕಲಾರೆ. ಅದಕ್ಕೆ ಆಧಾರವಿದೆ. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ 77 ರೋಗಿಗಳನ್ನು ನೋಡಿದರು. ಒಂದು ಗುಂಪಿಗೆ ನೋವನ್ನು ಮೀರಿ ಜೋರಾಗಿ ಹಿಗ್ಗಿಸುವ ಚಿಕಿತ್ಸೆ. ಇನ್ನೊಂದಕ್ಕೆ ಕಾಯಿಲೆಯ ಸ್ವರೂಪವನ್ನು ತಿಳಿಸಿ, ನೋವಿನ ಮಿತಿಯೊಳಗೆ ಕೈ ಆಡಿಸಲು ಹೇಳಿ ಬಿಟ್ಟರು. ಎರಡು ವರ್ಷದ ಕೊನೆಗೆ ಮೃದುವಾಗಿ ನಡೆದವರಲ್ಲಿ ನೂರಕ್ಕೆ 89 ಮಂದಿಯ ಭುಜ ಸರಿಸುಮಾರು ಮೊದಲಿನಂತಾಗಿತ್ತು, ಜೋರು ಮಾಡಿದವರಲ್ಲಿ 63. ನೋವಿನ ಘಟ್ಟದಲ್ಲಿ ಬಲ ಪ್ರಯೋಗ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆದರೆ ಒಂದನ್ನು ಗಮನಿಸಿ. ಆ ಎರಡನೇ ಗುಂಪು ಸುಮ್ಮನೆ ಕುಳಿತಿರಲಿಲ್ಲ. ನೀವೂ ಕುಳಿತಿರಲಿಲ್ಲ, ಕೈ ಆಡಿಸುತ್ತಿದ್ದೆ ಎಂದು ನೀವೇ ಬರೆದಿದ್ದೀರಿ. ಕೈಯನ್ನು ಜೋಳಿಗೆಯಲ್ಲಿ ಹಾಕಿ ತಿಂಗಳುಗಟ್ಟಲೆ ಕೂರುವವರು ನನ್ನ ಬಳಿ ಬರುತ್ತಾರೆ, ಅವರ ಕಥೆ ಬೇರೆ. ಇನ್ನು ಬೆನ್ನಿಗೆ ಎಟುಕದಿರುವುದು ನಿಮಗೆ ಚಿಕ್ಕ ವಿಷಯವಾಗಿರಬಹುದು. ತಲೆಯ ಮೇಲೆ ದುಡಿದು ಉಣ್ಣುವ ಅಕ್ಕನಿಗೆ ಕಳೆದುಹೋದ ಆ ಕೊನೆಯ ಒಂದು ಗೇಣೇ ಕೂಲಿ.

ವಾರಕ್ಕೆ ಮೂರು ದಿನ ಬೇಡ ಎಂಬುದಕ್ಕೆ ನನ್ನ ಒಪ್ಪಿಗೆಯಿದೆ. ಹದಿನೈದು ದಿನಕ್ಕೊಮ್ಮೆ ಸಾಕು. ಹೋದಾಗ ವ್ಯಾಯಾಮ ಮಾಡಿಸಿಕೊಂಡು ಮಗಳ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ಬರೀ ಯಂತ್ರದ ಶಾಖ ಕೊಟ್ಟು ಕಳುಹಿಸುವಲ್ಲಿಗೆ ಹೋಗಬೇಡಿ. ಬಿಸಿ ನೀರಿನ ಚೀಲ ಮನೆಯಲ್ಲೇ ಇದೆ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲೂ ವಿಚಾರಿಸಿ.

ಸೂಜಿ ದಾರ, ಚಿಂತಾಮಣಿ

ನಾನು ಹೊಲಿಗೆ ಮಾಡುವವಳು. ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ, ಏಕೆಂದರೆ ಕೈಯಿಂದ ಮಾಡುವ ಚಿಕಿತ್ಸೆಯಿಂದ ನನಗೆ ಸಿಕ್ಕಿದ್ದು ಬೇರೆ. ಆರು ತಿಂಗಳು ನೋವಿಗೆ ಹೆದರಿ ಕೈಯನ್ನು ಎದೆಗೆ ಅವುಚಿಕೊಂಡೇ ಇದ್ದೆ. ಬಟ್ಟೆ ಕತ್ತರಿಸುವಾಗ ಕತ್ತರಿಯ ಬದಲು ಮೈಯನ್ನೇ ತಿರುಗಿಸುತ್ತಿದ್ದೆ. ಮೊದಲ ದಿನ ಫಿಸಿಯೋಥೆರಪಿ ಮಾಡುವ ಹುಡುಗಿ ಒಂದು ಕೈಯನ್ನು ನನ್ನ ರೆಕ್ಕೆ ಮೂಳೆಯ ಕೆಳಗೆ, ಇನ್ನೊಂದನ್ನು ಮಣಿಕಟ್ಟಿನ ಬಳಿ ಇಟ್ಟು, "ಭಾರವನ್ನೆಲ್ಲ ನನಗೆ ಕೊಡಿ" ಎಂದಳು. ಕೊಡಲು ಬರಲೇ ಇಲ್ಲ. ಕೈ ಸಡಿಲ ಬಿಡುವುದನ್ನೇ ಮರೆತಿದ್ದೆ. ನಾಲ್ಕೈದು ನಿಮಿಷ ಅವಳು ಹಾಗೆಯೇ ಹಿಡಿದುಕೊಂಡು ಕಾದಳು. ಆಮೇಲೆ ಕೈ ತಾನಾಗಿ ಭಾರವಾಯಿತು, ಅವಳು ಮೆಲ್ಲಗೆ ತೂಗಿದಳು. ಈ ಕೈ ಆಡಿದರೆ ಮುರಿದುಹೋಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಂದು. ಮನೆಯಲ್ಲಿ ವ್ಯಾಯಾಮ ಮಾಡಲು ಧೈರ್ಯ ಬಂದದ್ದು ಅದರಿಂದಲೇ. ಕಾಗದದ ಮೇಲೆ ಬರೆದುಕೊಟ್ಟಿದ್ದರೆ ನಾನು ಮಾಡುತ್ತಿರಲಿಲ್ಲ.

ಹುಳು ಮನೆ, ಶಿಡ್ಲಘಟ್ಟ

ನಾನು ಆತುರದಲ್ಲಿ ಪಟ್ಟಿ ಎಳೆಯಿರಿ ಎಂದುಬಿಟ್ಟೆ, ಅಕ್ಕ ಕ್ಷಮಿಸಬೇಕು. ಮೇಡಂ, ನನ್ನಂಥವರ ವಿಷಯದಲ್ಲಿ ಕೈಚಿಕಿತ್ಸೆ ಬೇಕೇ ಬೇಡವೇ? ನನಗೆ ಯಾರೂ ಕೈಯಿಂದ ಮಾಡಲಿಲ್ಲ. ಹರಿದದ್ದು ಕೂಡಿಕೊಂಡಿದೆಯೇ ಎಂಬ ಭಯವೂ ಒಳಗೊಳಗೇ ಇದೆ.

ಕೀಲು ಸ್ನಾಯು, ಗೌರಿಬಿದನೂರು

ಅಣ್ಣ, ಭಯ ಬೇಡ. 60 ದಾಟಿದವರಲ್ಲಿ ಒಂದು ದಿನವೂ ಭುಜ ನೋಯದ ಎಷ್ಟೋ ಜನರನ್ನು ಸ್ಕ್ಯಾನ್ ಮಾಡಿದರೂ ಹೀಗೆ ಹರಿದದ್ದು ಕಾಣುತ್ತದೆ. ಅದು ಕೂಡಿಕೊಳ್ಳದಿರಬಹುದು. ಉಳಿದ ಸ್ನಾಯುಗಳು ಬಲಗೊಂಡು ಆ ಕೆಲಸವನ್ನು ಹಂಚಿಕೊಂಡಿವೆ. ಬಿದ್ದು ಒಮ್ಮೆಗೇ ಪೂರ್ತಿ ಹರಿದು ಕೈ ಎತ್ತಲಾಗದೇ ಹೋದರೆ ಮಾತ್ರ ಕಾಯುವಂತಿಲ್ಲ, ಬೇಗ ಮೂಳೆ ವೈದ್ಯರನ್ನು ಕಾಣಬೇಕು.

ರೊಟೇಟರ್ ಕಫ್ ನೋವಿಗೆ ಕೈಚಿಕಿತ್ಸೆ ಮತ್ತು ವ್ಯಾಯಾಮದ ಬಗ್ಗೆ 2016ರ ಕಾಕ್ರೇನ್ ಪರಿಶೀಲನೆಯಿದೆ. 60 ಪ್ರಯೋಗಗಳು, 3620 ಜನ. ಅಷ್ಟರಲ್ಲಿ ಹುಸಿ ಚಿಕಿತ್ಸೆಯ, ಅಂದರೆ ನಿಜವಾದದ್ದರಂತೆ ಕಾಣುವ ಬರಿಯ ತೋರಿಕೆಯ ಚಿಕಿತ್ಸೆಯ ಜೊತೆಗೆ ಹೋಲಿಸಿದ ಗಟ್ಟಿಯಾದ ಪ್ರಯೋಗ ಒಂದೇ ಒಂದು. ಅದರಲ್ಲಿ 120 ಜನ. 22ನೇ ವಾರಕ್ಕೆ ಕೈಚಿಕಿತ್ಸೆ ಮತ್ತು ವ್ಯಾಯಾಮ ಪಡೆದವರಲ್ಲಿ ನೂರಕ್ಕೆ 57 ಮಂದಿ ಗುಣ ಕಂಡೆವು ಎಂದರು, ಹುಸಿ ಚಿಕಿತ್ಸೆಯವರಲ್ಲಿ 41. ನೋವು ಇಳಿದ ಪ್ರಮಾಣ ಎರಡೂ ಕಡೆ ಬಹಳ ದೂರವಿರಲಿಲ್ಲ. 2021ರಲ್ಲಿ ಬ್ರಿಟನ್ನಿನ 708 ಜನರ ಪ್ರಯೋಗವೂ ಹೀಗೆಯೇ ಹೇಳಿತು. ಒಂದೇ ಸಲ ಸರಿಯಾಗಿ ಕಲಿಸಿ ಮನೆಗೆ ಕಳುಹಿಸಿದವರು, ಹಲವು ಸಲ ಬಂದು ವ್ಯಾಯಾಮ ಮಾಡಿದವರಿಗಿಂತ ಹಿಂದೆ ಬೀಳಲಿಲ್ಲ.

ಇದನ್ನು ಓದಿದಾಗ ಮೊದಲು ನನಗೆ ಬೇಸರವಾಗಿತ್ತು. ಆಮೇಲೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದೆ. ಮೊದಲ ಭೇಟಿಗೆ ಒಂದು ಗಂಟೆ ಕೊಡುತ್ತೇನೆ. ಅವರು ಮನೆಯಲ್ಲಿ ಏನನ್ನು, ಯಾವ ಹೊತ್ತಿಗೆ, ಯಾವ ಗೋಡೆಯ ಹತ್ತಿರ ಮಾಡುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಚಾಲಕನ ಸೀಟು, ಬಾಗೇಪಲ್ಲಿ

ಎಲ್ಲ ಓದಿದೆ. ಒಂದು ಮಾತು ಹೇಳದೆ ಇರಲಾರೆ. ನಮ್ಮ ಅಣ್ಣನಿಗೂ ಸಕ್ಕರೆ ಇತ್ತು. ಎಡಭುಜ ನೋಯುತ್ತಿದೆ ಎಂದು ಎರಡು ದಿನ ಮುಲಾಮು ತಿಕ್ಕಿಸಿಕೊಂಡರು. ಕೈ ಹೇಗೆ ಆಡಿಸಿದರೂ ನೋವು ಹೆಚ್ಚುತ್ತಿರಲಿಲ್ಲ, ಆದರೆ ಮೆಟ್ಟಿಲು ಹತ್ತಿದರೆ ಹೆಚ್ಚುತ್ತಿತ್ತು, ಬೆವರುತ್ತಿದ್ದರು. ಅದು ಹೃದಯದ್ದಾಗಿತ್ತು. ಮೂರನೇ ದಿನ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ಯಾರಿಗಾದರೂ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದು ಭುಜ ನೋಯುತ್ತಿದ್ದರೆ ಎಣ್ಣೆ ಹುಡುಕಬೇಡಿ. 108ಕ್ಕೆ ಕರೆ ಮಾಡಿ.

ಕೀಲು ಸ್ನಾಯು, ಗೌರಿಬಿದನೂರು

ಅಣ್ಣ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ನೀವು ಬರೆದದ್ದು ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಭುಜದ ಕೀಲಿನ ನೋವಾದರೆ ಕೈ ಆಡಿಸಿದಾಗ ಬದಲಾಗುತ್ತದೆ. ಕೈಗೆ ಸಂಬಂಧವಿಲ್ಲದೆ ನಡೆದಾಗ, ಊಟ ಮಾಡಿದಾಗ ಏರುವ ನೋವು ಬೇರೆಡೆಯಿಂದ ಬಂದಿರಬಹುದು. ಪಿತ್ತಕೋಶದ ತೊಂದರೆಯೂ ಬಲಭುಜದಲ್ಲಿ ನೋವಾಗಿ ಕಾಣಿಸಬಹುದು. ಕತ್ತಿನ ನರದ್ದಾದರೆ ಬೆರಳಿನವರೆಗೂ ಜುಮುಗುಡುತ್ತದೆ. ಜ್ವರದ ಜೊತೆ ಭುಜ ಕೆಂಪಾಗಿ ಊದಿದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದ ಮೇಲೆ ಭುಜದ ಆಕಾರವೇ ಬದಲಾಗಿದ್ದರೆ ವ್ಯಾಯಾಮದ ಮಾತೇ ಬೇಡ, ಮೊದಲು ವೈದ್ಯರು.

ತಾತನ ಎಣ್ಣೆ, ಗುಡಿಬಂಡೆ

ಮೊದಲ ಬರಹದಲ್ಲಿ ಕೈ ಜಗ್ಗಿದವರ ವಿಷಯ ಓದಿ ಸಂಕಟವಾಯಿತು. ನಮ್ಮ ತಾತ ನಾಟಿ ವೈದ್ಯರು. ಹಿಡಿದುಕೊಂಡ ಭುಜವನ್ನು ಅವರು ಎಂದೂ ಜಗ್ಗಲಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿ, ಶಾಖ ಕೊಟ್ಟು, "ಹೋಗಿ ದಿನಾ ಬೆಳಿಗ್ಗೆ ಮಜ್ಜಿಗೆ ಕಡೆ" ಎನ್ನುತ್ತಿದ್ದರು. ಮನೆಯಲ್ಲಿ ಹಸು ಇಲ್ಲದವರಿಗೂ ಬರಿಯ ಕಂಬಕ್ಕೆ ಹಗ್ಗ ಸುತ್ತಿ ಕಡೆಯುವಂತೆ ಮಾಡಿಸುತ್ತಿದ್ದರು. ಒಂದು ಕೈ ಎಳೆದರೆ ಇನ್ನೊಂದು ಕೈ ಮುಂದೆ ಹೋಗುತ್ತದಲ್ಲ, ಅದೇ ಔಷಧಿ ಎನ್ನುವರು. ನಾಟಿ ಎಂದರೆ ಜಗ್ಗುವುದು ಎಂದು ಯಾರೂ ತಿಳಿಯಬಾರದು.

ಕೀಲು ಸ್ನಾಯು, ಗೌರಿಬಿದನೂರು

ನಿಮ್ಮ ತಾತ ಮಾಡಿಸಿದ್ದು ಒಳ್ಳೆಯ ಕೈ ಕೆಟ್ಟ ಕೈಯನ್ನು ನಡೆಸುವ ವ್ಯಾಯಾಮ. ನಾವು ರಾಟೆ ಹಗ್ಗದಿಂದ ಮಾಡಿಸುವುದೂ ಅದನ್ನೇ.

ಜಗ್ಗುವುದು ಅಪಾಯ ಎನ್ನಲು ಕಾರಣವಿದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿದ್ದರೆ ರಟ್ಟೆಯ ಮೂಳೆಯೇ ಮುರಿಯಬಹುದು. ಆಸ್ಪತ್ರೆಯಲ್ಲೂ ಬಿಗಿತ ಬಿಡಿಸುವ ವಿಧಾನವಿದೆ, ಆದರೆ ಅರಿವಳಿಕೆ ಕೊಟ್ಟು, ಅಳತೆಯಿಟ್ಟು ಮಾಡುತ್ತಾರೆ. 2020ರಲ್ಲಿ ಬ್ರಿಟನ್ನಿನಲ್ಲಿ 503 ಜನರ ಮೇಲೆ ಮೂರು ದಾರಿಗಳನ್ನು ಹೋಲಿಸಿದರು: ಅರಿವಳಿಕೆಯಲ್ಲಿ ಬಿಡಿಸುವುದು, ಚಿಕ್ಕ ರಂಧ್ರದಿಂದ ದುರ್ಬೀನು ಇಳಿಸಿ ಕೀಲಿನ ಚೀಲವನ್ನು ಕತ್ತರಿಸುವುದು, ಚುಚ್ಚುಮದ್ದಿನ ಜೊತೆ ಕ್ರಮಬದ್ಧ ಫಿಸಿಯೋಥೆರಪಿ. ಒಂದು ವರ್ಷದ ಹೊತ್ತಿಗೆ ಯಾವುದೂ ಉಳಿದೆರಡನ್ನು ಮೀರಿಸುವಂತಿರಲಿಲ್ಲ. ಹಾಗಿರುವಾಗ ಕಡಿಮೆ ಅಪಾಯದ ದಾರಿಯಿಂದಲೇ ಶುರು ಮಾಡೋಣ.

ಚಪ್ಪರದಡಿಯ ಅಕ್ಕನಿಗೆ, ಸದ್ಯಕ್ಕೆ ಇಷ್ಟು ಸಾಕು. ಮೇಜಿನ ಅಂಚನ್ನು ಒಳ್ಳೆಯ ಕೈಯಿಂದ ಹಿಡಿದು ಬಗ್ಗಿ, ನೋವಿನ ಕೈಯನ್ನು ತೂಗು ಬಿಡಿ. ಮೈಯನ್ನು ಮೆಲ್ಲಗೆ ತೂಗಿ, ಕೈ ತಾನಾಗಿ ತೊಟ್ಟಿಲಿನ ಹಾಗೆ ಆಡಲಿ, ಎರಡು ನಿಮಿಷ. ಆಮೇಲೆ ಅಂಗಾತ ಮಲಗಿ ಒಳ್ಳೆಯ ಕೈಯಿಂದ ನೋವಿನ ಮಣಿಕಟ್ಟನ್ನು ಹಿಡಿದು ತಲೆಯ ಕಡೆಗೆ ಬರುವಷ್ಟು ತನ್ನಿ. ಮೂರನೆಯದು ನಿಮಗೆ ಎಲ್ಲಕ್ಕಿಂತ ಅಗತ್ಯ: ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಹೊರಕ್ಕೆ ತಳ್ಳಿ. ಬಿಗಿತದ ಅಂಚಿನಲ್ಲಿ 15ರಿಂದ 20 ಸೆಕೆಂಡ್ ನಿಲ್ಲಿಸಿ. ಬೆನ್ನ ಹಿಂದೆ ಕೈ ಎಳೆಯುವುದು ಈಗ ಬೇಡ.

ಎಷ್ಟು ನೋವು ಸರಿ ಎಂದು ಎಲ್ಲರೂ ಕೇಳುತ್ತಾರೆ. ಮಾಡುವಾಗ ಸೆಳೆದರೆ ಚಿಂತೆಯಿಲ್ಲ. ಆ ರಾತ್ರಿ ನಿದ್ದೆ ಕೆಟ್ಟರೆ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಅತಿಯಾಯಿತು ಎಂದರ್ಥ, ಅರ್ಧಕ್ಕೆ ಇಳಿಸಿ. ನೋವಿನ ಮಾತ್ರೆಯನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ, ಸಕ್ಕರೆ ಇರುವವರ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ.

ಚಪ್ಪರದಡಿ, ಚಿಕ್ಕಬಳ್ಳಾಪುರ ತಾಲ್ಲೂಕು

*(ಒಂಬತ್ತು ವಾರಗಳ ನಂತರ)*

ಉತ್ತರಿಸಿದ ಎಲ್ಲರಿಗೂ ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ. ಸಕ್ಕರೆಯ ವೈದ್ಯರ ಒಪ್ಪಿಗೆ ಪಡೆದು ಚುಚ್ಚುಮದ್ದು ಹಾಕಿಸಿಕೊಂಡೆ. ನಾಲ್ಕು ದಿನ ಸಕ್ಕರೆ ಏರಿತ್ತು, ಎರಡನೇ ದಿನ 270 ಮುಟ್ಟಿದಾಗ ಗಾಬರಿಯಾದೆ. ಐದನೇ ದಿನಕ್ಕೆ ಇಳಿಯಿತು. ಎಷ್ಟೋ ತಿಂಗಳ ಮೇಲೆ ಆ ವಾರ ರಾತ್ರಿಯೆಲ್ಲ ನಿದ್ದೆ ಮಾಡಿದೆ.

ಫಿಸಿಯೋಥೆರಪಿಗೆ ಹದಿನೈದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಹೋದೆ. ಉಳಿದದ್ದೆಲ್ಲ ತೋಟದಲ್ಲಿ. ಹನಿ ನೀರಾವರಿಯ ಒಂದು ಮೊಳ ಪೈಪ್ ತುಂಡೇ ನನ್ನ ಕೋಲು. ಚಪ್ಪರದ ತಂತಿಗೆ ಬಾವಿಯ ಹಳೆಯ ರಾಟೆಯನ್ನು ಯಜಮಾನರು ಕಟ್ಟಿಕೊಟ್ಟರು, ಹಗ್ಗದ ಒಂದು ತುದಿ ಒಳ್ಳೆಯ ಕೈಗೆ, ಇನ್ನೊಂದು ನೋವಿನ ಕೈಗೆ. ಕಲ್ಲುಕಂಬದ ಮೇಲೆ ಬೆರಳುಗಳನ್ನು ಒಂದೊಂದಾಗಿ ಹತ್ತಿಸಿ, ಎಟುಕಿದಲ್ಲಿ ಪ್ರತಿ ಭಾನುವಾರ ಸುಣ್ಣದ ಗೆರೆ ಎಳೆಯುತ್ತೇನೆ. ಈಗ ಒಂಬತ್ತು ಗೆರೆಗಳಿವೆ. ಮೊದಲನೆಯದು ನನ್ನ ಗಲ್ಲದ ಮಟ್ಟಕ್ಕಿದೆ, ಕೊನೆಯದು ನೆತ್ತಿಗಿಂತ ನಾಲ್ಕು ಬೆರಳು ಮೇಲೆ. ನಡುವೆ ಎರಡು ವಾರ ಗೆರೆಯ ಮೇಲೆಯೇ ಗೆರೆ ಬಿತ್ತು, ಆ ದಿನಗಳಲ್ಲಿ ಅತ್ತಿದ್ದೂ ಉಂಟು. ಬಾಗಿಲಿನ ಪರೀಕ್ಷೆಯಲ್ಲಿ ಬಲಗೈ ಅರ್ಧ ತೆರೆಯುತ್ತದೆ.

ಸೂಜಿ ದಾರದ ಅಕ್ಕ, ಭಾರ ಕೊಡುವುದು ಎಂದು ನೀವು ಬರೆದದ್ದನ್ನು ಓದಿಕೊಂಡೇ ಎರಡನೇ ಸಲ ಹೋಗಿದ್ದೆ. ಕೈ ಸಡಿಲ ಬಿಡುವುದೇ ಅರ್ಧ ಕೆಲಸ ಎಂದು ಅಂದು ಗೊತ್ತಾಯಿತು.

ತುರುಬು ಇನ್ನೂ ಮಗಳದ್ದೇ. ಮೇಡಂ, ಮುಂದಿನ ತಿಂಗಳು ಬಳ್ಳಿ ಸವರಬೇಕು. ನಾನು ಕೈ ಹಾಕಬಹುದೇ?

ಕೀಲು ಸ್ನಾಯು, ಗೌರಿಬಿದನೂರು

ಒಂಬತ್ತು ವಾರಕ್ಕೆ ಇಷ್ಟು ಬಂದದ್ದು ನೋಡಿ ಮನಸ್ಸು ತುಂಬಿತು ಅಕ್ಕ. ಕೆಲಸಕ್ಕೆ ಇಳಿಯಿರಿ, ಆದರೆ ನೆಲದ ಮೇಲೆ ನಿಂತು ಬೇಡ. ಅಗಲವಾದ, ಅಲುಗಾಡದ ಮಣೆ ಅಥವಾ ಹಣ್ಣಿನ ಗಟ್ಟಿ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲಿ. ಬಳ್ಳಿ ಮುಖದ ಮಟ್ಟಕ್ಕೆ ಬಂದು, ಮೊಣಕೈ ಭುಜಕ್ಕಿಂತ ಕೆಳಗೇ ಉಳಿಯಬೇಕು. ಮೊದಲ ವಾರ ಹತ್ತು ನಿಮಿಷ ಸವರಿ, ಐದು ನಿಮಿಷ ಕೆಳಗಿನ ಕೆಲಸ. ಕತ್ತರಿಯನ್ನು ಸಾಣೆ ಹಿಡಿಸಿಕೊಳ್ಳಿ. ಮೊಂಡು ಕತ್ತರಿಯ ಭಾರವನ್ನೆಲ್ಲ ಭುಜವೇ ಹೊರುತ್ತದೆ. ಶಿಡ್ಲಘಟ್ಟದ ಅಣ್ಣ ಹೇಳಿದ ರಬ್ಬರ್ ಪಟ್ಟಿಯನ್ನು ಈಗ ಶುರು ಮಾಡಬಹುದು, ಎಲ್ಲಕ್ಕಿಂತ ಹಗುರವಾದದ್ದರಿಂದ.

ಹುಳು ಮನೆ, ಶಿಡ್ಲಘಟ್ಟ

ಅಕ್ಕ, ಅಂಗಡಿಗೆ ಹೋಗಬೇಡಿ. ನಾನು ಮೊದಲು ಬಳಸಿದ ಹಗುರದ ಪಟ್ಟಿ ಹಾಗೆಯೇ ಇದೆ. ಗೂಡು ಮಾರಲು ಬರುವ ನಿಮ್ಮೂರಿನವರ ಕೈಯಲ್ಲಿ ಈ ವಾರವೇ ಕಳುಹಿಸುತ್ತೇನೆ.